ಗುಂಡುಕಲ್ಲಿನ ತೊಟ್ಟಿಲು

ಟಿ. ದಾಸರಹಳ್ಳಿ, ಬೆಂಗಳೂರು
9-8-2006

ಅಕ್ಕನಿಗೆ ಸುಮಂಗಲಾ ಮಾಡುವ ನಮಸ್ಕಾರಗಳು.

ಕೂಸು ಹುಟ್ಟಿದೆ, ಹೆಣ್ಣು. ಹೋದ ಗುರುವಾರ, ಅಂದರೆ ಆಗಸ್ಟ್ ಮೂರಕ್ಕೆ. ಇಪ್ಪತ್ತನೇ ತಾರೀಖಿಗೆ ನಿಮ್ಮ ಮನೆಯಲ್ಲಿ ನನ್ನ ಕುಬಸ ಇಟ್ಟುಕೊಂಡಿದ್ದೀಯಲ್ಲ, ಅದನ್ನು ನಿಲ್ಲಿಸು. ಹಸಿರು ಸೀರೆ ತಂದಿದ್ದರೆ ಹಾಗೇ ಮಡಚಿ ಇಡು. ಕುಬಸ ಮಾಡಲು ಈಗ ಹೊಟ್ಟೆಯೇ ಇಲ್ಲ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮೂರಿಗೆ ಇರುವುದು ಮುರಿಗೆಪ್ಪನ ಅಂಗಡಿಯ ಫೋನು. ಅಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದೊಳಗೆ ಗುಡಿಯ ಕಟ್ಟೆಯ ಮೇಲೆ ಕೂತಿರುತ್ತದೆ. ಹೀಗಾಗಿ ಪತ್ರ.

ಏಳು ತಿಂಗಳಿಗೇ ಏಕೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ನಾನು ಬಿದ್ದಿಲ್ಲ, ಭಾರ ಎತ್ತಿಲ್ಲ, ಯಾರೊಂದಿಗೂ ಜಗಳ ಆಡಿಲ್ಲ. ಫ್ಯಾಕ್ಟರಿಯಲ್ಲಿ ಸ್ವಿಚ್ಚುಗಳನ್ನು ಡಬ್ಬಿಗೆ ತುಂಬುತ್ತ ನಿಂತಿದ್ದೆ, ಸೊಂಟ ಹಿಡಿಯಿತು. ಸಂಜೆಗೆ ದೊಡ್ಡ ಸರ್ಕಾರಿ ಆಸ್ಪತ್ರೆ, ಸಂಜೆಗೇ ಕೂಸು. ಡಾಕ್ಟರು ತಿಂಗಳ ಲೆಕ್ಕ ಹಾಕುವುದಿಲ್ಲ, ವಾರದ ಲೆಕ್ಕ ಹಾಕುತ್ತಾರೆ. ಮೂವತ್ತು ವಾರವಂತೆ. ತೂಕ ಒಂದು ಕಿಲೋ ನೂರೈವತ್ತು ಗ್ರಾಂ.

ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮೂಗಿನಿಂದ ಹೊಟ್ಟೆಗೆ ಒಂದು ಸಣ್ಣ ನಳಿಕೆ. ನಾನು ಹಾಲು ಹಿಂಡಿ ಬಟ್ಟಲಿಗೆ ಹಾಕಿ ಕೊಡಬೇಕು, ಸಿಸ್ಟರ್ ಅದನ್ನು ನಳಿಕೆಗೆ ಬಿಡುತ್ತಾರೆ. ಕಿವಿಯಲ್ಲಿ ಇನ್ನೂ ಗಟ್ಟಿತನ ಬಂದಿಲ್ಲ, ಮಡಚಿದರೆ ಮಡಚಿದ ಹಾಗೆಯೇ ಉಳಿಯುತ್ತದೆ. ಮತ್ತೆ ಬೆರಳಿನಿಂದ ಬಿಡಿಸಬೇಕು. ಇಷ್ಟು ದಿನಕ್ಕೆ ಅದರ ಮೈಯಲ್ಲಿ ನಾನು ಮಾಡಿದ ಕೆಲಸ ಅಂದರೆ ಅದೊಂದೇ.

ಕಾರಣ ಏನು ಎಂದು ಡಾಕ್ಟರು ಹೇಳಿದರು. ಅದು ಬರೆಯುವಂಥದ್ದಲ್ಲ.

ಅವ್ವ ಹೋದ ಮೇಲೆ ನನಗೆ ತವರು ಅಂದರೆ ನೀನೇ. ಆದರೂ ಬಾ ಎನ್ನುತ್ತಿಲ್ಲ. ಒಳಗೆ ತಾಯಿಯನ್ನಲ್ಲದೆ ಯಾರನ್ನೂ ಬಿಡುವುದಿಲ್ಲ. ನಿನಗೆ ಉಳಿಯದ ಎರಡೂ ಕೂಸು ನೆನಪಾಗಿ ಈ ಪತ್ರ ಬರೆಯುವುದು ಆರು ದಿನ ತಡವಾಯಿತು. ಸಿಟ್ಟಾಗಬೇಡ.

ನಿನ್ನ ತಂಗಿ
ಸುಮಂಗಲಾ


ಚಿಕ್ಕನೀಲೂರು, ತಾ. ಕುಷ್ಟಗಿ
18-8-2006

ಚಿ. ಸೌ. ಸುಮಂಗಲಾಳಿಗೆ ದೇವಕ್ಕನ ಆಶೀರ್ವಾದಗಳು. ಇಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಕ್ಷೇಮ.

ಪತ್ರ ಹದಿನಾಲ್ಕಕ್ಕೆ ಬಂತು. ಹದಿನೈದಕ್ಕೆ ಕೂಸು ಹುಟ್ಟಿ ಹದಿಮೂರನೇ ದಿನ. ತೊಟ್ಟಿಲಿಗೆ ಹಾಕಬೇಕಾದ ದಿನ ಬಿಡಬಾರದು, ಕೂಸಿರುವುದು ಗಾಜಿನ ಪೆಟ್ಟಿಗೆಯಲ್ಲಿ. ಬೆಳಿಗ್ಗೆ ಅಂಗನವಾಡಿಯಲ್ಲಿ ಬಾವುಟ ಹಾರಿಸಿ, ಮಕ್ಕಳಿಗೆ ಪೆಪ್ಪರಮೆಂಟು ಹಂಚಿ ಮನೆಗೆ ಬಂದೆ. ನೀನೂ ನಾನೂ ಮಲಗಿದ್ದ ಅವ್ವನ ತೊಟ್ಟಿಲನ್ನು ಅಟ್ಟದಿಂದ ಇಳಿಸಿದೆವು. ಯಾವ ಮನೆಯಲ್ಲಾದರೂ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುತ್ತಾರಲ್ಲ, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು, ಅದನ್ನೇ ಮಾಡಿದೆ. ಕಲ್ಲಿಗೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಬಟ್ಟೆ ಸುತ್ತಿ ಮಲಗಿಸಿ ತೂಗಿದೆ. ಕಲ್ಲಿನ ಕಿವಿ ಯಾವ ಕಡೆಗೆ ಇರುತ್ತದೋ ತಿಳಿಯದೆ ಎರಡೂ ಕಡೆಗೆ ಬಗ್ಗಿ ಅವ್ವನ ಹೆಸರನ್ನೇ ಹೇಳಿದೆ. ಅವ್ವ ದಾನವ್ವ, ನಿನ್ನ ಮಗಳು ದಾನೇಶ್ವರಿ. ಬೇಡವಾದರೆ ಬದಲಾಯಿಸಿಕೋ. ಕೂಸು ಮನೆಗೆ ಬರುವವರೆಗೆ ಕಲ್ಲನ್ನು ತೊಟ್ಟಿಲಿನಿಂದ ತೆಗೆಯುವುದಿಲ್ಲ.

ಒಂದು ಕಿಲೋ ನೂರೈವತ್ತು ಗ್ರಾಂ ಅಂದರೆ ಎಷ್ಟು ಎಂದು ತಿಳಿಯಲಿಲ್ಲ. ಅಂಗನವಾಡಿಯ ತಕ್ಕಡಿಗೆ ಬೆಲ್ಲ ಹಾಕಿ ನೋಡಿದೆ. ಮುಳ್ಳು ಸರಿಯಾಗಿ ನಿಲ್ಲಲು ಬೆಲ್ಲವನ್ನು ಎರಡು ಸಲ ಕೆತ್ತಬೇಕಾಯಿತು. ನಮ್ಮ ತೂಕದ ಚಾರ್ಟಿನಲ್ಲಿ ನಿನ್ನ ಮಗಳಿಗೆ ಚುಕ್ಕೆ ಇಡಲು ಹೋದರೆ ಕೊನೆಯ ಗೆರೆಗಿಂತ ಕೆಳಗೆ, ಕಾಗದದ ಅಂಚಿಗೆ ಬರುತ್ತದೆ.

ಈಗ ನಾನು ಕೇಳಿದ್ದಕ್ಕೆ ಉತ್ತರ ಬರೆ. ಸೊಂಟ ಹಿಡಿಯುವ ಮೊದಲು ಹೊಟ್ಟೆ ಗಟ್ಟಿಯಾಗುತ್ತಿತ್ತೇ? ಎಷ್ಟು ದಿನದಿಂದ? ಜ್ವರ ಇತ್ತೇ? ಹೆರಿಗೆಗೆ ಮುಂಚೆ ಕೂಸಿನ ಶ್ವಾಸಕೋಶಕ್ಕೆಂದು ಸೂಜಿ ಕೊಟ್ಟರೇ? ಡಾಕ್ಟರು ಹೇಳಿದ ಕಾರಣ ಏನು? ಯಾವುದನ್ನೂ ಬಿಡಬೇಡ.

ನನಗೆ ಈಗ ಬರಲು ಆಗುವುದಿಲ್ಲ. ಇಲಾಖೆಯ ತರಬೇತಿ ಇದೆ.

ದೇವಕ್ಕ


ಟಿ. ದಾಸರಹಳ್ಳಿ
2-9-2006

ಅಕ್ಕನಿಗೆ ನಮಸ್ಕಾರ.

ನಿನ್ನ ಪ್ರಶ್ನೆಗಳನ್ನು ಓದಿದೆ. ಅಂಗನವಾಡಿಯ ರಿಜಿಸ್ಟರಿನಲ್ಲಿ ಇಂಥ ಚೌಕದ ಮನೆಗಳು ಇರುತ್ತವೆ, ತುಂಬಿದರೆ ಸಹಿ ಹಾಕಿ ಮೇಲಕ್ಕೆ ಕಳಿಸುತ್ತೀರಿ. ತಗೋ, ತುಂಬುತ್ತೇನೆ. ಹೊಟ್ಟೆ ನಾಲ್ಕು ದಿನದಿಂದ ಗಟ್ಟಿಯಾಗುತ್ತಿತ್ತು, ಕೂಸು ಹೊರಳುತ್ತಿದೆ ಅಂದುಕೊಂಡಿದ್ದೆ. ಜ್ವರ ಎರಡು ದಿನ ಇತ್ತು. ಸೂಜಿ ಕೊಡುತ್ತಾರಂತೆ, ಆದರೆ ನಾನು ಹೋದಾಗ ಹೊತ್ತು ಮೀರಿತ್ತು. ಮೊದಲೇ ಬಂದಿದ್ದರೆ ಕೂಸಿಗೆ ಉಸಿರಾಟ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ಡಾಕ್ಟರು ನಾಲ್ಕು ಜನರ ಮುಂದೆ ಹೇಳಿದರು. ಉಳಿದ ಮನೆ ಖಾಲಿ ಬಿಡುತ್ತೇನೆ.

ದಾನೇಶ್ವರಿ ಮೊದಲ ವಾರ ಇಳಿದಳು, ಒಂದು ಕಿಲೋ ಅರವತ್ತಕ್ಕೆ ಬಂದಿದ್ದಳು. ಈಗ ಒಂದು ಕಿಲೋ ಮುನ್ನೂರು. ಪೆಟ್ಟಿಗೆಯಿಂದ ತೆಗೆದಿದ್ದಾರೆ. ಈಗ ಎದೆಗೆ ಕಟ್ಟಿಕೊಂಡು ಕೂರಬೇಕು, ಬಟ್ಟೆಯಿಲ್ಲದ ಕೂಸನ್ನು ಬರಿಯ ಎದೆಗೆ. ಮೈಯ ಬಿಸಿಗೇ ಅದು ಬೆಳೆಯುತ್ತದಂತೆ. ನಾನು ಉಣ್ಣಲು ಹೋದಾಗ ಅಪ್ಪನೂ ಕಟ್ಟಿಕೊಳ್ಳಬಹುದು ಎಂದರು. ಹಣಮಂತ ಲೇತ್ ಮಷಿನ್ನಿನ ಎಣ್ಣೆ ಹೋಗುವವರೆಗೆ ಮೂರು ಸಲ ಕೈ ತೊಳೆದು, ಅಂಗಿ ಬಿಚ್ಚಿ, ಕುರ್ಚಿಯಲ್ಲಿ ಗೊಂಬೆಯ ಹಾಗೆ ಕೂತ. ಒಂದು ತಾಸು ಅಲುಗಾಡಲಿಲ್ಲ. ಆಮೇಲೆ, "ಊರಾಗ ಯಾರಿಗೂ ಹೇಳಬ್ಯಾಡ, ನಗತಾರ" ಎಂದ. ಮರುದಿನ ಹೇಳದೇನೇ ಒಂದು ತಾಸು ಮುಂಚೆ ಬಂದಿದ್ದ.

ಇಲ್ಲಿನ ಗೇಟಿನ ಹೊರಗೆ ಕಲ್ಲುಬೆಂಚು ಇದೆ. ಅದರ ಮೇಲೆ ಬೇರೆಯವರ ತಾಯಂದಿರು, ಅಕ್ಕಂದಿರು ಬುತ್ತಿ ಹಿಡಿದು ಕೂತಿರುತ್ತಾರೆ. ಒಳಗೆ ಬಿಡದಿದ್ದರೂ ಕೂತಿರುತ್ತಾರೆ. ನನಗೆ ಬಿಸಿನೀರು ಕಾಯಿಸಿ ಕೊಡುವವರು ನಮ್ಮ ಕೆಳಗಿನ ಮನೆಯ ಅನುಸೂಯಮ್ಮ. ಅವರು ನನಗೆ ಏನೂ ಆಗಬೇಕಾಗಿಲ್ಲ. ನಿನ್ನ ತರಬೇತಿ ಯಾವಾಗ ಮುಗಿಯುತ್ತದೆ?

ಸುಮಂಗಲಾ


ಚಿಕ್ಕನೀಲೂರು
11-9-2006

ಚಿ. ಸೌ. ಸುಮಾಳಿಗೆ ಆಶೀರ್ವಾದ.

ತರಬೇತಿ ಮುಗಿದಿದೆ. ಈಗ ಪೋಲಿಯೋ ಹನಿಯ ಕೆಲಸ.

ನಮ್ಮೂರ ಮರೆಪ್ಪ ನಿಮ್ಮ ಕಡೆ ಕಟ್ಟಡದ ಕೆಲಸಕ್ಕೆ ಬರುತ್ತಿದ್ದಾನೆ, ದಾಸರಹಳ್ಳಿಯಲ್ಲೇ ಶೆಡ್ಡಿನಲ್ಲಿ ಇರುತ್ತಾನಂತೆ. ಅವನ ಕೈಯಲ್ಲಿ ನಿನಗೆ ಅಂಟಿನ ಉಂಡಿ, ಕೂಸಿನ ತಲೆ ಬೆನ್ನು ಮುಚ್ಚಲು ಒಂದು ಕುಂಚಿಗೆ ಕಳಿಸಿದ್ದೇನೆ. ಇಷ್ಟು ಸಣ್ಣ ಕುಂಚಿಗೆಯನ್ನು ಯಾರೂ ಹೊಲಿಯುವುದಿಲ್ಲ. ದರ್ಜಿ ಗೊಂಬೆಗೇನ್ರಿ ಎಂದು ಕೇಳಿದ. ಹೀಗಾಗಿ ನಾನೇ ಹೊಲಿದೆ.

ಕಾರಣ ಬರೆಯಲಿಲ್ಲ. ನಾನು ಸುಮ್ಮನೆ ಕೇಳುತ್ತಿಲ್ಲ. ನನಗೆ ಕಾರಣ ಬೇಕು, ಬರೆ.

ದೇವಕ್ಕ


ಟಿ. ದಾಸರಹಳ್ಳಿ
24-9-2006

ಅಕ್ಕನಿಗೆ ಸುಮಂಗಲಾಳ ನಮಸ್ಕಾರಗಳು.

ಮೊನ್ನೆ ಶುಕ್ರವಾರ ಮನೆಗೆ ಬಂದೆವು. ಐವತ್ತೊಂದು ದಿನ. ತೂಕ ಒಂದು ಕಿಲೋ ಆರುನೂರೈವತ್ತು. ಕುಂಚಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಕಾಣದ ಕೂಸಿಗೆ ಅಳತೆ ಎಲ್ಲಿಂದ ಸಿಕ್ಕಿತು ನಿನಗೆ? ಹಾಕಿ ನೋಡಿದಾಗ ನನಗೆ ಅಳು ಬಂತು. ಅಷ್ಟು ದಿನ ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ. ಅದಕ್ಕೇ ನೀನು ಕೇಳಿದ್ದನ್ನು ಬರೆಯುತ್ತಿದ್ದೇನೆ. ಓದಿ ಒಲೆಗೆ ಹಾಕು. ಹಣಮಂತನಿಗೂ ಇದು ಪೂರ್ತಿ ಗೊತ್ತಿಲ್ಲ.

ನಮ್ಮ ಪ್ಯಾಕಿಂಗ್ ಲೈನಿನಲ್ಲಿ ನಾವು ಮೂವತ್ತೆರಡು ಮಂದಿ ಹೆಂಗಸರು. ಶೌಚಕ್ಕೆ ಹೋಗಬೇಕಾದರೆ ಟೋಕನ್ ಬೇಕು. ಟೋಕನ್ ಅಂದರೆ ದಾರ ಕಟ್ಟಿದ ಒಂದು ಮರದ ಹಲಗೆ, ಸೂಪರ್‌ವೈಸರ್ ಚಿನ್ನಪ್ಪನವರ ಮೇಜಿನ ಹಿಂದಿನ ಮೊಳೆಗೆ ತೂಗುಹಾಕಿರುತ್ತಾರೆ. ಇರುವುದು ಒಂದೇ. ಅದನ್ನು ಕೊರಳಿಗೆ ಹಾಕಿಕೊಂಡು ಗಂಡಸರ ಲೈನಿನ ಮುಂದೆ ಹಾದುಹೋಗಬೇಕು. ಒಬ್ಬಳು ಹೋದರೆ ಅವಳು ಬರುವವರೆಗೆ ಇನ್ನೊಬ್ಬಳು ಹೋಗುವಂತಿಲ್ಲ. ಎಲ್ಲರಿಗೂ ಒಂದೇ ಉಪಾಯ ಹೊಳೆದಿತ್ತು, ನೀರು ಕುಡಿಯದಿರುವುದು. ನಾನಂತೂ ಅದರಲ್ಲಿ ಗಟ್ಟಿಗಿತ್ತಿ. ಬೆಳಿಗ್ಗೆ ಎಂಟಕ್ಕೆ ನಿಂತರೆ ಸಂಜೆ ಐದರವರೆಗೆ ಟೋಕನ್ ಮುಟ್ಟಿದವಳಲ್ಲ. ಹೋದ ವರ್ಷ ಆಯುಧಪೂಜೆಯ ದಿನ ಒಳ್ಳೆಯ ಕೆಲಸಗಾರ್ತಿ ಎಂದು ನನಗೆ ಬಹುಮಾನ ಕೊಟ್ಟರಲ್ಲ, ನೀರು ತುಂಬಿಡುವ ದೊಡ್ಡ ಸ್ಟೀಲಿನ ಜಗ್ಗು, ನೆನಪಿದೆಯೇ? ಅದು ಇದಕ್ಕೇ.

ಐದನೇ ತಿಂಗಳಿನಿಂದ ಉರಿಮೂತ್ರ ಇತ್ತು. ಉಷ್ಣ ಎಂದು ಸುಮ್ಮನಾದೆ. ಉರಿಯುತ್ತದೆ ಎಂದು ಇನ್ನೂ ಕಡಿಮೆ ಕುಡಿದೆ. ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿ ಸಿಸ್ಟರ್ ಕೇಳಿದರು, "ಉರಿ ಇತ್ತಾ? ಯಾರ್ಗಾದ್ರೂ ಹೇಳಿದ್ರೇನಮ್ಮ?" ನಾನು ಇಲ್ಲ ಎಂದೆ. ಆ ಸೋಂಕೇ ಮೇಲೇರಿ ನೋವು ಬರಿಸಿತಂತೆ. ಎರಡು ಚೊಂಬು ನೀರು, ಹತ್ತು ದಿನದ ಮಾತ್ರೆ, ಇಷ್ಟರಲ್ಲಿ ಮುಗಿಯುತ್ತಿತ್ತಂತೆ.

ನನ್ನ ಮಗಳು ನಳಿಕೆಯಲ್ಲಿ ಹಾಲು ಕುಡಿದದ್ದು ನನ್ನ ನಾಚಿಕೆಯಿಂದ. ಇಷ್ಟೇ ಕಾರಣ. ಸಾಕೇ?

ಸುಮಾ


ಚಿಕ್ಕನೀಲೂರು
6-10-2006

ಚಿ. ಸೌ. ಸುಮಾಳಿಗೆ ಆಶೀರ್ವಾದಗಳು.

ಪತ್ರ ಬಂತು, ಓದಿದೆ. ಒಲೆಗೆ ಹಾಕಿಲ್ಲ.

ಮರುದಿನ ಕುಷ್ಟಗಿಗೆ ಹೋಗಬೇಕಾಯಿತು, ಆಫೀಸಿನ ಕೆಲಸ. ಹೀಗಾಗಿ ಉತ್ತರ ತಡ.

ತಪ್ಪು ನಿನ್ನ ನಾಚಿಕೆಯದು ಎಂದು ಬರೆದಿದ್ದೀಯ. ನಾಚಿಕೆ ಮೂವತ್ತೆರಡು ಮಂದಿಯದು, ಹಲಗೆ ಒಂದು. ಮೂವತ್ತೆರಡು ಮಂದಿಯಲ್ಲಿ ಈಗ ಬಸುರಿಯರು ಎಷ್ಟು? ಕೆಳಗೆ ಅರ್ಜಿ ಬರೆದು ಕೊಟ್ಟಿದ್ದೇನೆ, ಹಾಗೇ ನಕಲು ಮಾಡಿ ಎಲ್ಲರ ಸಹಿ ಹಾಕಿಸು. ನಾಚಿಕೆಯ ಮಾತುಗಳನ್ನು ಸರ್ಕಾರಿ ಕನ್ನಡದಲ್ಲಿ ಬರೆದರೆ ಗಂಡಸರೂ ತಲೆ ತಗ್ಗಿಸದೆ ಓದುತ್ತಾರೆ. ಹನ್ನೆರಡು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇದೊಂದೇ.

"ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೆಲಸದ ವೇಳೆಯಲ್ಲಿ ಕುಡಿಯುವ ನೀರು ಮತ್ತು ಶೌಚಾಲಯದ ಅನುಕೂಲ ಸಾಲದ್ದರಿಂದ ಮಹಿಳಾ ಕಾರ್ಮಿಕರಿಗೆ ಸೋಂಕು ಉಂಟಾಗಿ, ಗರ್ಭಿಣಿಯರಿಗೆ ಅವಧಿಗೆ ಮೊದಲೇ ಹೆರಿಗೆಯಾಗುವ ಸಂಭವವಿರುತ್ತದೆ ಎಂದು ವೈದ್ಯರು ತಿಳಿಸಿರುತ್ತಾರೆ. ಈ ವರ್ಷ ನಮ್ಮ ವಿಭಾಗದಲ್ಲಿ ಅಂಥ ಒಂದು ಪ್ರಕರಣ ನಡೆದಿರುತ್ತದೆ. ಆದಕಾರಣ ಟೋಕನ್‌ಗಳ ಸಂಖ್ಯೆಯನ್ನು ಹೆಚ್ಚಿಸಿ, ಗರ್ಭಿಣಿಯರಿಗೆ ಟೋಕನ್‌ನಿಂದ ವಿನಾಯಿತಿ ನೀಡಿ, ಕೆಲಸದ ಸ್ಥಳದಲ್ಲಿಯೇ ಕುಡಿಯುವ ನೀರು ಇಡಿಸಬೇಕಾಗಿ ವಿನಂತಿ."

ಇದೇ ಅರ್ಜಿಯನ್ನು ಮೂರು ಮಾತು ಬದಲಾಯಿಸಿ ನಮ್ಮ ಪಂಚಾಯಿತಿಗೂ ಕೊಟ್ಟಿದ್ದೇನೆ. ನಮ್ಮ ಅಂಗನವಾಡಿಗೆ ಶೌಚಾಲಯ ಇಲ್ಲ.

ದೇವಕ್ಕ


ಟಿ. ದಾಸರಹಳ್ಳಿ
5-11-2006

ಅಕ್ಕನಿಗೆ.

ಅರ್ಜಿ ಕೊಟ್ಟೆವು. ಕೂಸು ಸಣ್ಣದೆಂದು ನಾನು ಕೆಲಸಕ್ಕೆ ಹೋಗುತ್ತಿಲ್ಲ, ಕುಂಚಿಗೆಯಲ್ಲಿ ಸುತ್ತಿ ಎತ್ತಿಕೊಂಡೇ ಪೀಣ್ಯದ ಫ್ಯಾಕ್ಟರಿಗೆ ಹೋದೆ. ಇಪ್ಪತ್ತೇಳು ಸಹಿ, ಐದು ಹೆಬ್ಬೆಟ್ಟು. ಮುಂದೆ ನಿಂತವಳು ರಾಮಮ್ಮ, ಅವಳಿಗೆ ಈಗ ಐದನೇ ತಿಂಗಳು. ಚಿನ್ನಪ್ಪನವರು ಅರ್ಜಿಯನ್ನು ನೋಡಿ, "ಏನಮ್ಮಾ, ನೀರ್ ಕುಡಿಯೋಕೂ ಅರ್ಜಿನಾ?" ಎಂದು ನಕ್ಕರು. ಆಮೇಲೆ "ಅಂಥ ಒಂದು ಪ್ರಕರಣ" ಎಂಬಲ್ಲಿಗೆ ಬಂದು ನಿಂತು, ಪ್ರಕರಣ ಯಾವುದು ಎಂದು ಕೇಳಿದರು. ನಾನು ಕುಂಚಿಗೆ ಸರಿಸಿ ಮುಖ ತೋರಿಸಿದೆ. ಅವರು ಬಗ್ಗಿ ನೋಡಿದರು. ಮೂರು ತಿಂಗಳಾಯಿತು ಎಂದರೆ ನಂಬಲಿಲ್ಲ. ಅರ್ಜಿಯನ್ನು ತಾವೇ ಮೇಲಿನ ಆಫೀಸಿಗೆ ತೆಗೆದುಕೊಂಡು ಹೋದರು. ಹತ್ತು ದಿನಕ್ಕೆ ಇನ್ನೆರಡು ಹಲಗೆ ಬಂದವು, ಲೈನಿನ ಕೊನೆಗೆ ನಲ್ಲಿಯಿರುವ ನೀರಿನ ಡ್ರಮ್ಮು ಬಂತು. ಬಸುರಿಯರು ಹಲಗೆ ಹಾಕಿಕೊಳ್ಳಬೇಕಿಲ್ಲ. ಕೂರಲು ಸ್ಟೂಲು ಕೇಳಿದ್ದಕ್ಕೆ ನೋಡೋಣ ಎಂದಿದ್ದಾರೆ, ಅದು ಆಗುವುದಿಲ್ಲ ಎಂದು ಅರ್ಥ.

ನಿನ್ನ ಸರ್ಕಾರಿ ಕನ್ನಡ ಕೆಲಸ ಮಾಡಿತು. ಅದಕ್ಕೆ ಉಪಕಾರ.

ಈಗ ನನ್ನ ಕನ್ನಡ ಕೇಳು. ಡಾಕ್ಟರು ಹೇಳಿದ್ದಾರೆ, ಈ ಕೂಸಿಗೆ ಎರಡು ವಯಸ್ಸು ಅಂತ. ಹುಟ್ಟಿದ ದಿನದಿಂದ ಒಂದು, ಹುಟ್ಟಬೇಕಿದ್ದ ದಿನದಿಂದ ಒಂದು. ಎರಡನೆಯದನ್ನು ಹಿಡಿದರೆ ಇವಳಿಗೆ ಇನ್ನೂ ತಿಂಗಳು ತುಂಬಿಲ್ಲ. ಅದನ್ನು ಎಲ್ಲರಿಗೂ ವಿವರಿಸಿ ಸಾಕಾಗಿದೆ. ಮೂರು ತಿಂಗಳಾದರೂ ಯಾಕೆ ನಗುವುದಿಲ್ಲ, ಕತ್ತು ಯಾಕೆ ನಿಂತಿಲ್ಲ ಎಂದು ಬಂದವರೆಲ್ಲ ಕೇಳುತ್ತಾರೆ. ಕೇಳದವಳು ನೀನೊಬ್ಬಳೇ, ಏಕೆಂದರೆ ನೀನು ಬಂದಿಲ್ಲ. ತರಬೇತಿ, ಪೋಲಿಯೋ, ಆಫೀಸಿನ ಕೆಲಸ. ದೀಪಾವಳಿಗೆ ತವರಿನವರು ಕರೆಯುತ್ತಾರೆ, ನೀನು ಕರೆಯಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದು ನಿನಗೆ ಮಾತ್ರ ಬರುವುದಲ್ಲ, ನನಗೂ ಬರುತ್ತದೆ, ಆದರೆ ನೇರವಾಗಿ ಕೇಳುತ್ತೇನೆ. ನಿನ್ನ ಕೈಗೆ ದಕ್ಕದ್ದು ನನ್ನ ಕೈಗೆ ದಕ್ಕಿತು ಎಂದು ನಿನಗೆ ಸಂಕಟವೇ? ಹಾಗಿದ್ದರೆ ಹೇಳಿಬಿಡು, ಕೂಸನ್ನು ನಿನ್ನ ಕಣ್ಣಿಗೆ ತೋರಿಸುವುದಿಲ್ಲ.

ಸುಮಂಗಲಾ


ಟಿ. ದಾಸರಹಳ್ಳಿ
10-12-2006

ಅಕ್ಕನಿಗೆ.

ತಿಂಗಳ ಮೇಲಾಯಿತು, ಉತ್ತರ ಇಲ್ಲ. ಬರೆದ ಮೇಲೆ ಡಬ್ಬಕ್ಕೆ ಕೈ ಹಾಕಿ ಪತ್ರವನ್ನು ವಾಪಸ್ಸು ತೆಗೆಯಬೇಕು ಅನ್ನಿಸಿತ್ತು. ಅಂಚೆಡಬ್ಬದ ಬಾಯಿ ಸಣ್ಣದು.

ಮರೆಪ್ಪ ಊರಿಗೆ ಹೋಗಿ ಬಂದ. ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸುವವಳು ಬೇರೆ ಯಾರೋ ಎಂದ. ನಿಮ್ಮ ಮನೆಗೆ ಹೋದರೆ ಚನಬಸಪ್ಪ ಮಾಮಾ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರಂತೆ. ಒಳಗೆ ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆಯಂತೆ, ಹಾಡುಹಗಲು. ನೀನು ಹಗಲು ಮಲಗಿದ್ದನ್ನು ನಾನು ಅವ್ವ ಸತ್ತಾಗಲೂ ಕಂಡಿಲ್ಲ.

ನನ್ನ ಮಾತಿಗೆ ಹೀಗಾಯಿತೇ? ಬೈದಾದರೂ ಎರಡು ಸಾಲು ಬರೆ. ಮಾಮಾ ಕೈಯಲ್ಲಿ ಬರೆಸಿದರೂ ಆದೀತು.

ಸುಮಾ


ಚಿಕ್ಕನೀಲೂರು
18-12-2006

ಸುಮಾ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ.

ನಾನು ಬಸುರಿ. ಏಳು ತುಂಬಿ ಎಂಟಕ್ಕೆ ಬಿದ್ದಿದೆ. ನಿನ್ನ ಡಾಕ್ಟರ ಲೆಕ್ಕದಲ್ಲಿ ಇಂದಿಗೆ ಮೂವತ್ತು ವಾರ, ನಾಲ್ಕು ದಿನ. ನಿನ್ನ ದಾನೇಶ್ವರಿ ಹುಟ್ಟಿದ ವಾರವನ್ನು ನಾಲ್ಕು ದಿನದಿಂದ ದಾಟುತ್ತಿದ್ದೇನೆ, ಅದಕ್ಕೇ ಇಂದು ಬರೆಯಲು ಧೈರ್ಯ ಬಂತು.

ನಿನ್ನ ಮೊದಲ ಪತ್ರ ಬಂದಾಗ ನನಗೆ ಮೂರು ತಿಂಗಳು. ಮೊದಲಿನ ಎರಡು ಸಲವೂ ಮೂರು ತಿಂಗಳಿಗೇ ಊರಿಗೆಲ್ಲ ಹೇಳಿದ್ದೆ, ನಿನಗೂ ಬರೆದಿದ್ದೆ. ಎರಡು ಸಲವೂ ನೀನು ಸೀರೆ ಕಳಿಸಿದ್ದೆ. ಆ ಸೀರೆಗಳನ್ನು ನಾನು ಇಂದಿಗೂ ಉಟ್ಟಿಲ್ಲ. ಹೀಗಾಗಿ ಈ ಸಲ ನಿನ್ನ ಮಾಮಾನ ಹೊರತು ಯಾರಿಗೂ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಒಂದು ಹಗಲು ಕುಲುಕಿಕೊಂಡು ಬೆಂಗಳೂರಿಗೆ ಬರುವುದು ನನ್ನಿಂದ ಆಗಲಿಲ್ಲ. ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ನಾನು ಕೂತಿರಬೇಕಿತ್ತು, ಅದು ನನಗೆ ಗೊತ್ತು.

ನಿನ್ನ ಕಾರಣದ ಪತ್ರವನ್ನು ನಾನು ಅಂಗನವಾಡಿಯಲ್ಲಿ ಓದಿದೆ. ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಬಂದವಳು ಅಲ್ಲಿಯವರೆಗೆ ಹನಿ ನೀರು ಕುಡಿದಿರಲಿಲ್ಲ. ಕುಡಿದರೆ ಹೋಗುವುದೆಲ್ಲಿ? ಎದುರಿಗೆ ಶಾಲೆ, ಹಿಂದೆ ಗುಡಿ, ಬದಿಗೆ ಮುರಿಗೆಪ್ಪನ ಅಂಗಡಿ. ಹನ್ನೆರಡು ವರ್ಷದಿಂದ ಹಾಗೇ ನಡೆದಿದೆ. ಬಸುರಿಯರನ್ನು ಸಾಲಾಗಿ ಕೂರಿಸಿ, "ನೀರ ಹೆಚ್ಚಿಗಿ ಕುಡೀರವ್ವ" ಎಂದು ಹೇಳುವವಳು ನಾನೇ. ಉರಿಯೂ ಇತ್ತು. ಈ ಸಲ ಇತ್ತು, ಹೋದ ಸಲ ಇತ್ತು, ಅದರ ಹಿಂದಿನ ಸಲವೂ ಇತ್ತು. ಉಷ್ಣ ಎಂದು ಜೀರಿಗೆ ಕಷಾಯ ಕುಡಿದಿದ್ದೆ. ನೀನು ಉಷ್ಣ ಎಂಬ ಮಾತನ್ನೇ ಬರೆದಿದ್ದೆ. ಅದನ್ನು ಓದಿ ಚಾಪೆಯ ಮೇಲೆ ಕೂತುಬಿಟ್ಟೆ. ಮಕ್ಕಳು ಒಂದೊಂದಾಗಿ ಮನೆಗೆ ಹೋದದ್ದು ತಿಳಿಯಲಿಲ್ಲ.

ಮರುದಿನ ಕುಷ್ಟಗಿಗೆ ಹೋದದ್ದು ಆಫೀಸಿಗಲ್ಲ, ಆಸ್ಪತ್ರೆಗೆ. ಏನು ತೊಂದರೆ ಎಂದು ಡಾಕ್ಟರಮ್ಮ ಕೇಳಿದರು. ಹನ್ನೆರಡು ವರ್ಷ ಊರಿನ ಹೆಂಗಸರಿಗೆಲ್ಲ ಬುದ್ಧಿ ಹೇಳಿದವಳಿಗೆ ಬಾಯಿಯೇ ಬರಲಿಲ್ಲ. ನಿನ್ನ ಪತ್ರ ತೆಗೆದು ಕೈಗೆ ಕೊಟ್ಟೆ. ಅವರು ಪೂರ್ತಿ ಓದಿ, "ಇದು ನಿಮ್ದಾ?" ಎಂದರು. "ನಮ್ಮ ತಂಗೀದರಿ. ನಂದೂ ಇದ ಐತ್ರಿ" ಎಂದೆ. ಅದಕ್ಕೇ ಒಲೆಗೆ ಹಾಕಲಿಲ್ಲ. ಬೈಯುವುದಿದ್ದರೆ ಹೆರಿಗೆಯಾದ ಮೇಲೆ ಬೈ.

ಸೋಂಕು ಇತ್ತು. ಮಾತ್ರೆ ಕೊಟ್ಟರು. ಆದರೂ ನವೆಂಬರಿನಲ್ಲಿ ಹೊಟ್ಟೆ ಗಟ್ಟಿಯಾಗತೊಡಗಿತು. ಕೂಸು ಹೊರಳುತ್ತಿದೆ ಎಂದುಕೊಳ್ಳಲಿಲ್ಲ, ನೀನು ಬರೆದಿದ್ದೆಯಲ್ಲ. ಅದೇ ತಾಸಿಗೆ ಜೀಪು ಮಾಡಿಕೊಂಡು ಹೋದೆವು. ಸೂಜಿ ಕೊಟ್ಟರು, ನಿನಗೆ ಹೊತ್ತು ಮೀರಿದ್ದ ಅದೇ ಸೂಜಿ. ಅಂದಿನಿಂದ ಮಲಗಿದ್ದೇನೆ. ನಿನ್ನ ಮಾಮಾ ಮಗ್ಗ ಬಿಟ್ಟು ರೊಟ್ಟಿ ಬಡಿಯುತ್ತಾರೆ, ಒಂದೊಂದು ರೊಟ್ಟಿ ಒಂದೊಂದು ಜಿಲ್ಲೆಯ ನಕ್ಷೆ.

ನಿನ್ನ ನವೆಂಬರಿನ ಪತ್ರ ಬಂದದ್ದು ಜೀಪು ಬಂದ ದಿನವೇ. ಸಂಕಟವೇ ಎಂದು ಕೇಳಿದ್ದೆ. ಸುಳ್ಳು ಹೇಳುವುದಿಲ್ಲ. ಮೊದಲ ಪತ್ರ ಓದಿದ ದಿನ ಸಂಕಟವಾಯಿತು, ನನ್ನದು ಒಂದು ತಾಸು ಉಸಿರಾಡಿ ಹೋಯಿತು, ಇವಳದು ಉಳಿಯಿತಲ್ಲ ಅನ್ನಿಸಿತು. ಒಂದು ದಿನ ಇತ್ತು. ಮರುದಿನ ತೊಟ್ಟಿಲು ಇಳಿಸಿದೆ.

ಇನ್ನೂ ಏಳೆಂಟು ವಾರ ಕಳೆಯಬೇಕು. ನನಗೆ ಬಹಳ ಹೆದರಿಕೆ ಆಗುತ್ತದೆ ಸುಮಾ.

ದೇವಕ್ಕ


ಟಿ. ದಾಸರಹಳ್ಳಿ
24-12-2006

ಅಕ್ಕ,

ಆಡಿದ ಮಾತನ್ನು ಹೊಟ್ಟೆಗೆ ಹಾಕಿಕೋ ಎನ್ನಬೇಕು, ಆದರೆ ನಿನ್ನ ಹೊಟ್ಟೆಯಲ್ಲಿ ಈಗ ಜಾಗವಿಲ್ಲ. ಹೀಗಾಗಿ ಅದನ್ನು ನಾನೇ ಇಟ್ಟುಕೊಂಡಿರುತ್ತೇನೆ.

ಮರೆಪ್ಪನ ಕೈಯಲ್ಲಿ ಜಗ್ಗು ಕಳಿಸಿದ್ದೇನೆ. ಟೋಕನ್ ಮುಟ್ಟದ್ದಕ್ಕೆ ನನಗೆ ಕೊಟ್ಟ ಅದೇ ಬಹುಮಾನ. ಇಲ್ಲಿ ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು, ನಿನ್ನಲ್ಲಿ ಕೆಲಸಕ್ಕೆ ಬರುತ್ತದೆ. ಎರಡೂವರೆ ಲೀಟರು ಹಿಡಿಯುತ್ತದೆ. ದಿನಕ್ಕೊಂದು ಜಗ್ಗು ಖಾಲಿ ಮಾಡಬೇಕು, ಖಾಲಿಯಾದ ಮೇಲೆ ಗೋಡೆಗೆ ಇದ್ದಿಲಿನಿಂದ ಒಂದು ಗೆರೆ ಎಳೆಯಬೇಕು. ಗೋಡೆಯ ಕಡೆ ಮುಖ ಮಾಡಿ ಮಲಗಿದವಳಿಗೆ ಇಷ್ಟು ಕೆಲಸ ಇರಲಿ.

ದಾನೇಶ್ವರಿ ಮೊನ್ನೆ ನಕ್ಕಳು. ಹಣಮಂತನನ್ನು ನೋಡಿ, ಅವನ ಎದೆಯ ಮೇಲೆ ಮಲಗಿದ್ದಾಗ. ಅವನು ಬೀದಿಗೆಲ್ಲ ಹೇಳಿಕೊಂಡು ಬಂದ. ರಾಮಮ್ಮನಿಗೆ ಏಳು ತುಂಬುತ್ತಿದೆ, ಡ್ರಮ್ಮಿನ ಹತ್ತಿರ ಮೊದಲು ಅವಳೇ ಇರುತ್ತಾಳಂತೆ. ಚಿನ್ನಪ್ಪನವರು ತಮ್ಮ ಸ್ವಂತ ಸ್ಟೂಲನ್ನು ಅವಳಿಗೆ ಕೊಟ್ಟು ತಾವು ನಿಂತಿದ್ದಾರಂತೆ.

ಹೆದರಿಕೆ ಆದಾಗ ಬರೆ. ಬರೆಯಲು ಆಗದಿದ್ದರೆ ಮುರಿಗೆಪ್ಪನ ಅಂಗಡಿಯಿಂದ ಮಾಮಾ ಫೋನ್ ಮಾಡಲಿ. ಊರಿಗೆಲ್ಲ ಕೇಳಿದರೆ ಕೇಳಲಿ. ಅನುಸೂಯಮ್ಮನವರ ಮನೆಯ ನಂಬರು ಹಿಂದೆ ಬರೆದಿದ್ದೇನೆ.

ಸುಮಾ


ಚಿಕ್ಕನೀಲೂರು
23-2-2007

ಚಿ. ಸೌ. ಸುಮಂಗಲಾಳಿಗೆ ದೇವಕ್ಕನ ಅನೇಕ ಆಶೀರ್ವಾದಗಳು.

ಫೋನಿನಲ್ಲಿ ನಿನ್ನ ಮಾಮಾ ಗಂಡು ಎಂದಷ್ಟೇ ಹೇಳಿ ಅಳತೊಡಗಿದರಂತೆ, ಮುರಿಗೆಪ್ಪ ಫೋನು ಕಸಿದುಕೊಂಡು ಉಳಿದದ್ದನ್ನು ಹೇಳಿದನಂತೆ. ಆದರೂ ಸರಿಯಾದ ಲೆಕ್ಕ ನಾನು ಬರೆಯಬೇಕು.

ಫೆಬ್ರವರಿ ಒಂಬತ್ತು, ಶುಕ್ರವಾರ ಬೆಳಿಗ್ಗೆ ಹನ್ನೊಂದು, ಕುಷ್ಟಗಿ ಆಸ್ಪತ್ರೆ. ಮೂವತ್ತೆಂಟು ವಾರ, ಒಂದು ದಿನ. ತೂಕ ಎರಡು ಕಿಲೋ ಆರುನೂರು. ಚಾರ್ಟಿನಲ್ಲಿ ಚುಕ್ಕೆ ಗೆರೆಯೊಳಗೆ ಬರುತ್ತದೆ. ಹುಟ್ಟಿದ ಕೂಡಲೇ ನಾನು ಮೊದಲು ನೋಡಿದ್ದು ಕಿವಿ. ಮಡಚಿ ಬಿಟ್ಟೆ. ಚಟ್ಟನೆ ಹಿಂದಕ್ಕೆ ಬಂತು. ಸಿಸ್ಟರ್, "ಏನ್ ಮಾಡಾಕತ್ತೀರಿ ಬಾಯಾರ?" ಎಂದು ಗದರಿದಳು. ನಾನು ಮತ್ತೊಮ್ಮೆ ಮಡಚಿ ನೋಡಿದೆ.

ಪಂಚಾಯಿತಿಯವರು ಅಂಗನವಾಡಿಯ ಹಿಂದೆ ಗುಂಡಿ ತೋಡಿಸಿದ್ದಾರೆ. ಗೋಡೆ ಎದ್ದಿಲ್ಲ. ಇನ್ನೊಂದು ಅರ್ಜಿ ಬರೆಯಬೇಕು.

ಮೊನ್ನೆ ಹದಿಮೂರನೇ ದಿನ. ಆಗಸ್ಟಿನಿಂದ ತೊಟ್ಟಿಲಲ್ಲೇ ಮಲಗಿದ್ದ ಗುಂಡುಕಲ್ಲನ್ನು ತೆಗೆದು ಇವನನ್ನು ಮಲಗಿಸಿದೆವು. ನಿನ್ನ ಮಗಳು ಸೆಪ್ಟೆಂಬರಿನಲ್ಲೇ ಮನೆಗೆ ಬಂದಳು, ಆಗಲೇ ತೆಗೆಯಬೇಕಿತ್ತು. ನನಗೆ ಧೈರ್ಯ ಸಾಲಲಿಲ್ಲ. ಗೋಡೆಯ ಮೇಲೆ ನಲವತ್ತು ಗೆರೆ ಇವೆ. ನಿನ್ನ ಮಾಮಾ ಸುಣ್ಣ ಹೊಡೆಯುತ್ತೇನೆ ಎಂದರು, ಬೇಡ ಎಂದೆ.

ಇನ್ನು ನಿನ್ನ ವಿಷಯ. ನಿನಗೆ ಕುಬಸ ಆಗಿಲ್ಲ, ಬಾಣಂತನ ಆಗಿಲ್ಲ, ದೀಪಾವಳಿಗೆ ಕರೆದಿಲ್ಲ. ಹಸಿರು ಸೀರೆ ಮಡಚಿದ ಹಾಗೇ ಇದೆ. ಯುಗಾದಿಗೆ ಹಣಮಂತನನ್ನೂ ಮಗಳನ್ನೂ ಕರೆದುಕೊಂಡು ಬಾ. ಇದು ತವರಿನ ಕರೆ, ಕರೆಯದೆ ಬಂದೆ ಎಂದು ಮುಂದೆ ಯಾವತ್ತೂ ಆಡಬೇಡ.

ಒಂದು ಮಾತು ನಿನಗೆ ಹೇಳಿಲ್ಲ. ಆಗಸ್ಟಿನಲ್ಲಿ ನಿನ್ನ ಮಗಳ ತೂಕಕ್ಕೆ ಕೆತ್ತಿ ನೋಡಿದ ಬೆಲ್ಲ ಇನ್ನೂ ಹಾಗೇ ಇದೆ. ಅಡುಗೆಗೆ ಮುರಿಯಲು ಹೋದರೆ ಕೈ ಏಳಲಿಲ್ಲ. ಅವಳು ಪೆಟ್ಟಿಗೆಯಲ್ಲಿ ಇರುವಷ್ಟು ದಿನ ಇರಲಿ ಎಂದು ಬಟ್ಟೆ ಸುತ್ತಿ ಡಬ್ಬಿಯಲ್ಲಿ ಇಟ್ಟೆ. ಕುಂಚಿಗೆಯ ಅಳತೆ ಎಲ್ಲಿಂದ ಸಿಕ್ಕಿತು ಎಂದು ಕೇಳಿದ್ದೆಯಲ್ಲ, ಆ ಬೆಲ್ಲಕ್ಕೇ ಸುತ್ತಿ ನೋಡಿ, ಎರಡು ಬೆರಳು ಹೆಚ್ಚಿಗೆ ಬಿಟ್ಟು ಹೊಲಿದೆ. ಅವಳನ್ನು ಎತ್ತಿಕೊಳ್ಳಬೇಕು ಅನ್ನಿಸಿದಾಗ ಡಬ್ಬಿಯಿಂದ ತೆಗೆದು ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದೆ.

ಅವಳು ಬಂದ ದಿನ ಅದನ್ನು ಒಡೆದು ಹೋಳಿಗೆ ಮಾಡುತ್ತೇನೆ. ಬರುವ ದಿನ ತಿಳಿಸು, ಬೇಳೆ ಬೇಯಲು ಹಾಕಬೇಕು.

ದೇವಕ್ಕ